ನೆಲದ ಡೊಂಕು: ನಮ್ಮ ಕಥನಗಳಲ್ಲಿ ಅಂಗವೈಕಲ್ಯ

‘ಕುಣಿಯಲಾರದವಳು ನೆಲ ಡೊಂಕೆಂದಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ತನ್ನ ಕೊರತೆಯನ್ನು ಮರೆಮಾಚಲು ಹೊರಗೆ ನೆಪ ಹುಡುಕುವವರನ್ನು ಗೇಲಿ ಮಾಡಲು ಹುಟ್ಟಿದ ಮಾತು ಅದು. ಗಾದೆಗೆ ಅದರದೇ ಆದ ವಿವೇಕವಿದೆ, ಅದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಆ ಮಾತನ್ನು ಆಡುವಾಗ ಯಾರೂ ಬಗ್ಗಿ ನೆಲವನ್ನು ನೋಡಿರುವುದಿಲ್ಲ. ನೆಲ ನಿಜಕ್ಕೂ ಡೊಂಕಾಗಿದ್ದರೆ? ಕುಣಿಯುವವಳ ಕಾಲನ್ನು ಅಳೆದಷ್ಟೇ ಶ್ರದ್ಧೆಯಿಂದ ರಂಗಸ್ಥಳದ ಹಲಗೆಯನ್ನೂ ಅಳೆಯಬೇಕಾದೀತು. ಈ ಪ್ರಶ್ನೆಯನ್ನು ಹಿಡಿದು, ಅಂಗವೈಕಲ್ಯದ ಕುರಿತು ನಮ್ಮ ಪುರಾಣ, ಕಾವ್ಯ, ಕಾದಂಬರಿ, ನಾಟಕಗಳು ರೂಪಿಸಿರುವ ತಿಳಿವಳಿಕೆಯನ್ನು ಪರಿಶೀಲಿಸಲು ಈ ಲೇಖನದಲ್ಲಿ ಪ್ರಯತ್ನಿಸಿದ್ದೇವೆ.

ಅಂಗವೈಕಲ್ಯವನ್ನು ಮನುಷ್ಯ ಸಮಾಜ ಮುಖ್ಯವಾಗಿ ಮೂರು ಬಗೆಯಲ್ಲಿ ಅರ್ಥೈಸಿಕೊಂಡಿದೆ. ಮೊದಲನೆಯದು ಕರ್ಮದ ಅರ್ಥ: ಪೂರ್ವಜನ್ಮದ ಪಾಪ, ಶಾಪ, ದೈವಕೋಪ. ಎರಡನೆಯದು ವೈದ್ಯದ ಅರ್ಥ: ದೇಹದ ಯಾವುದೋ ಭಾಗದಲ್ಲಿ ದೋಷವಿದೆ, ಅದನ್ನು ಸರಿಪಡಿಸಬೇಕು. ಮೂರನೆಯದು ಈಚಿನದು. ಬ್ರಿಟನ್ನಿನಲ್ಲಿ ಅಂಗವಿಕಲರೇ ಕಟ್ಟಿಕೊಂಡ ಸಂಘಟನೆಯೊಂದು 1976ರಲ್ಲಿ ದೇಹದ ಊನವೇ ಬೇರೆ, ಆ ಊನವುಳ್ಳವರನ್ನು ಸಮಾಜ ಹೊರಗಿಡುವುದರಿಂದ ಉಂಟಾಗುವ ಅಶಕ್ತತೆಯೇ ಬೇರೆ ಎಂದು ಸ್ಪಷ್ಟವಾಗಿ ವಿಂಗಡಿಸಿತು. ಕಾಲಿಲ್ಲದಿರುವುದು ಊನ, ಮೆಟ್ಟಿಲಿನ ಹೊರತು ಬೇರೆ ದಾರಿಯಿಲ್ಲದ ಕಟ್ಟಡವೇ ಅವರನ್ನು ಅಶಕ್ತರನ್ನಾಗಿಸುತ್ತದೆ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆಗೆ ಭಾರತ 2007ರಲ್ಲಿ ಅನುಮೋದನೆ ನೀಡಿತು. ಅದರ ಬೆನ್ನಿಗೆ ಬಂದ ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ, ದೀರ್ಘಕಾಲದ ಊನವು ಹೊರಗಿನ ತಡೆಗಳೊಡನೆ ಸೇರಿದಾಗ ವ್ಯಕ್ತಿಯ ಸಮಾನ ಪಾಲ್ಗೊಳ್ಳುವಿಕೆ ಕುಂಠಿತವಾಗುತ್ತದೆ ಎಂಬ ಅರ್ಥದ ವ್ಯಾಖ್ಯೆಯನ್ನು ಕೊಟ್ಟಿದೆ. 1995ರ ಕಾಯಿದೆಯಲ್ಲಿ 7 ಇದ್ದ ವೈಕಲ್ಯದ ವರ್ಗಗಳು ಇದರಲ್ಲಿ 21 ಆದುದು ದೊಡ್ಡ ಬದಲಾವಣೆಯೇ. ಅದಕ್ಕಿಂತ ದೊಡ್ಡದು, ‘ನೆಲ’ ಎಂಬುದು ಕಾನೂನಿನ ವ್ಯಾಖ್ಯೆಯೊಳಗೇ ಸೇರಿಕೊಂಡದ್ದು.

ಕಾನೂನು ಹೀಗೆ ಬದಲಾದಾಗ ಭಾಷೆ ಏನು ಮಾಡುತ್ತಿದೆ? ನಾವು ದಿನನಿತ್ಯ ಆಡುವ ಕನ್ನಡವನ್ನೇ ಗಮನಿಸೋಣ. ಕುರುಡು ನಂಬಿಕೆ, ಕುಂಟು ನೆಪ, ಜಾಣಕಿವುಡು, ಮೂಕಪ್ರೇಕ್ಷಕ, ಕಿವುಡರ ಮುಂದೆ ಕಿನ್ನರಿ. ಅವಿವೇಕ, ಸುಳ್ಳು, ಕಪಟ, ಹೇಡಿತನ, ವ್ಯರ್ಥತೆ ಎಂಬ ಐದು ದುರ್ಗುಣಗಳಿಗೆ ನಾಲ್ಕು ಊನಗಳನ್ನು ನಾವು ಹೆಸರಾಗಿ ಕೊಟ್ಟಿದ್ದೇವೆ. ಇವುಗಳ ಒರಟುತನಕ್ಕೆ ನಾಚಿ ಗೌರವದ ಪದಗಳನ್ನು ಹುಡುಕಿದಾಗಲೂ ತೊಡಕು ಕಳೆಯಲಿಲ್ಲ. ‘ಅಂಗವಿಕಲ’ ಎಂಬುದು ಅಂಗದ ಊನವನ್ನಷ್ಟೇ ಹೇಳುತ್ತಿತ್ತು. ಅದಕ್ಕಿಂತ ಮೃದುವೆಂದು ಬಳಕೆಗೆ ಬಂದ ‘ವಿಕಲಚೇತನ’ವನ್ನು ಬಿಡಿಸಿ ನೋಡಿದರೆ ಊನವು ಅಂಗದಿಂದ ಚೇತನಕ್ಕೇ ವರ್ಗವಾಗಿಬಿಟ್ಟಿದೆ. ‘ದಿವ್ಯಾಂಗ’ ಎಂಬುದು ಇನ್ನೊಂದು ತುದಿ. ಅದು ವ್ಯಕ್ತಿಯನ್ನು ದೇವರ ಮಟ್ಟಕ್ಕೆ ಏರಿಸುತ್ತದೆ. ದೇವರಿಗೆ ಇಳಿಜಾರು ದಾರಿ ಬೇಕೆಂದು ಯಾರಿಗೂ ತೋರುವುದಿಲ್ಲ. ಪದಗಳು ಬದಲಾದರೂ ನೋಟ ನೆಟ್ಟಿರುವುದು ವ್ಯಕ್ತಿಯ ಮೇಲೆಯೇ, ಬಾಗಿಲ ಮೇಲಲ್ಲ. ಆದುದರಿಂದ ಪದಗಳ ಚರ್ಚೆಗಿಂತ ಕಥೆಗಳ ಚರ್ಚೆ ಹೆಚ್ಚು ಫಲಕಾರಿಯೆಂದು ನಮಗೆ ತೋರುತ್ತದೆ. ಕಥೆಯನ್ನು ಓದುವಾಗ ನಾವು ಇಡಬಹುದಾದ ಪ್ರಶ್ನೆ ಸರಳವಾದುದು: ಕಥೆಯ ಕೊನೆಗೆ ಬದಲಾಗುವುದು ಯಾವುದು, ದೇಹವೋ ಬಾಗಿಲೋ?

ಈ ಪ್ರಶ್ನೆಗೆ ಮೊದಲ ಕಥೆ ಅಷ್ಟಾವಕ್ರನದು. ಮಹಾಭಾರತದ ವನಪರ್ವದಲ್ಲಿ ಬರುವಂತೆ, ತಾಯಿಯ ಗರ್ಭದಲ್ಲಿದ್ದಾಗಲೇ ತಂದೆ ಕಹೋಡನ ಅಧ್ಯಯನದ ತಪ್ಪನ್ನು ಎತ್ತಿ ತೋರಿಸಿದ ಶಿಶು ಶಾಪಗ್ರಸ್ತನಾಗಿ ಎಂಟು ಕಡೆ ವಕ್ರನಾಗಿ ಹುಟ್ಟುತ್ತಾನೆ. ಬಾಲಕನಾಗಿರುವಾಗಲೇ ಜನಕನ ಯಜ್ಞಶಾಲೆಗೆ ಹೊರಡುತ್ತಾನೆ. ದಾರಿಯಲ್ಲಿ ಅರಸನೇ ಎದುರಾದಾಗ ಅಷ್ಟಾವಕ್ರ ಆಡುವ ಮಾತು ನಮ್ಮ ಪರಂಪರೆಯಲ್ಲಿ ಅಪೂರ್ವವಾದುದು. ದಾರಿ ಮೊದಲು ಕುರುಡನದು, ಕಿವುಡನದು, ಹೆಂಗಸಿನದು, ಹೊರೆ ಹೊತ್ತವನದು, ಆಮೇಲೆ ಅರಸನದು ಎಂಬುದು ಅದರ ತಾತ್ಪರ್ಯ. ಬ್ರಾಹ್ಮಣ ಎದುರಾದರೆ ದಾರಿ ಅವನದೇ ಎಂದು ಮಾತು ಮುಗಿಯುವುದರಿಂದ, ಆ ಕಾಲದ ಶ್ರೇಣಿಯ ಮುದ್ರೆಯೂ ಅದರ ಮೇಲಿದೆಯೆನ್ನಬೇಕು. ಆದರೂ ಅರಸನಿಗಿಂತ ಮೊದಲು ಕುರುಡನಿಗೂ ಕಿವುಡನಿಗೂ ದಾರಿಯ ಹಕ್ಕನ್ನು ಕೊಟ್ಟ ಮಾತು ಅದು. ದಯೆಯ ಭಾಷೆಯಲ್ಲಿ ಆಡಿದ್ದಲ್ಲ, ಅಧಿಕಾರದ ಭಾಷೆಯಲ್ಲಿ ಆಡಿದ್ದು. ಜನಕ ದಾರಿ ಬಿಡುತ್ತಾನೆ. ಮುಂದೆ ದ್ವಾರಪಾಲಕ ತಡೆದಾಗಲೂ ಹುಡುಗ ವಾದಿಸಿಯೇ ಒಳಗೆ ಹೋಗುತ್ತಾನೆ, ಬಂದಿ ಎಂಬ ಪಂಡಿತನನ್ನು ಸೋಲಿಸುತ್ತಾನೆ.

ಕಥೆ ಇಲ್ಲಿಗೆ ನಿಂತಿದ್ದರೆ ಬಾಗಿಲು ಬದಲಾದ ಕಥೆಯಾಗುತ್ತಿತ್ತು. ಆದರೆ ತಂದೆಯ ಮಾತಿನಂತೆ ಅಷ್ಟಾವಕ್ರ ಸಮಂಗಾ ನದಿಗಿಳಿಯುತ್ತಾನೆ, ಅವನ ಅಂಗಗಳೆಲ್ಲ ನೆಟ್ಟಗಾಗುತ್ತವೆ. ಗೆದ್ದವನು ವಕ್ರನಾಗಿಯೇ ಮನೆಗೆ ಮರಳುವುದನ್ನು ಕಥೆ ಸಹಿಸಲಿಲ್ಲ. ಭಾಗವತದ ಕುಬ್ಜೆಗೂ ಇದೇ ಗತಿ: ಕೃಷ್ಣನ ಸ್ಪರ್ಶದಿಂದ ಅವಳ ಬೆನ್ನು ನೆಟ್ಟಗಾಗುವುದೇ ಅವಳ ಭಕ್ತಿಯ ಫಲ. ಒಳ್ಳೆಯವರ ದೇಹ ನೆಟ್ಟಗಾಗಲೇಬೇಕು, ನೆಟ್ಟಗಾಗದ ದೇಹ ಒಳ್ಳೆಯವರದಾಗಿರಲಾರದು ಎಂಬ ನಿಯಮ ನಮ್ಮ ಕಥನಪರಂಪರೆಯಲ್ಲಿ ಆಳವಾಗಿ ಬೇರೂರಿದೆ.

ಆ ನಿಯಮದ ಇನ್ನೊಂದು ಮುಖ ಮಂಥರೆ. ಕುಂಬಳೆಯ ಪಾರ್ತಿಸುಬ್ಬನ ನಾಡಿನವರಾದ ನಮಗೆ ಮಂಥರೆಯನ್ನು ಪರಿಚಯಿಸಬೇಕಾಗಿಲ್ಲ. ರಂಗಸ್ಥಳದಲ್ಲಿ ಬೆನ್ನು ಬಾಗಿಸಿ ಕೋಲೂರಿ ಆ ವೇಷ ಬಂದೊಡನೆ ಸಭೆ ನಗುತ್ತದೆ. ಮಾತು ಆರಂಭವಾಗುವ ಮೊದಲೇ ಬೆನ್ನು ಅವಳ ಗುಣವನ್ನು ಹೇಳಿ ಮುಗಿಸಿರುತ್ತದೆ. ಕನ್ನಡದಲ್ಲಿ ಈ ಸಮೀಕರಣವನ್ನು ಮುರಿದವರು ಕುವೆಂಪು. ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಅವಳ ಸಂಚಿಕೆಗೆ ಅವರು ಕೊಟ್ಟ ಹೆಸರೇ ‘ಮಮತೆಯ ಸುಳಿ ಮಂಥರೆ’. ಅವಳ ಕೃತ್ಯದ ಮೂಲ ಅವರಿಗೆ ಕಂಡದ್ದು ಬೆನ್ನಿನ ಗೂನಿನಲ್ಲಲ್ಲ, ಎಲ್ಲರಿಂದ ತಿರಸ್ಕೃತಳಾದವಳ ಎದೆಯಲ್ಲಿ ಒಂದೇ ಕಡೆಗೆ ಹರಿದ ಪ್ರೀತಿಯಲ್ಲಿ. ಒಬ್ಬಳು ಕೆಟ್ಟವಳಾಗಿ ಕಾಣುವುದರಲ್ಲಿ ಅವಳನ್ನು ಕಂಡ ಕಣ್ಣುಗಳ ಪಾಲೂ ಇದೆಯೆಂದು ಒಪ್ಪಿಕೊಂಡ ಈ ಚಿತ್ರಣ ಆಧುನಿಕ ಕನ್ನಡ ಕಾವ್ಯದ ದೊಡ್ಡ ನೈತಿಕ ಸಾಧನೆಗಳಲ್ಲಿ ಒಂದು. ಬಸವಣ್ಣನವರ ಪ್ರಸಿದ್ಧ ವಚನವೊಂದು ಹೆಳವುತನ, ಕುರುಡುತನ, ಕಿವುಡುತನಗಳನ್ನು ದೇವರಲ್ಲಿ ಬೇಡಿಕೊಳ್ಳುತ್ತದೆ. ಶಾಪವಾಗಿದ್ದುದನ್ನು ವರವಾಗಿಸಿದ ದಿಟ್ಟತನ ಅದು. ಆದರೂ ಅಲ್ಲಿ ಹೆಳವು ಚಂಚಲ ಮನಸ್ಸಿನ ಕಡಿವಾಣಕ್ಕೆ ಬಂದ ರೂಪಕವೇ ಹೊರತು ಹೆಳವನೊಬ್ಬನ ಬದುಕಲ್ಲ. ರೂಪಕವು ಎಷ್ಟೇ ಉದಾತ್ತವಾಗಿದ್ದರೂ ನಿಜವಾದ ಹೆಳವ ಬಾಗಿಲ ಹೊರಗೇ ಉಳಿಯುತ್ತಾನೆ.

ದೇಹ ಸರಿಯಾದರೆ ಎಲ್ಲವೂ ಸರಿಯಾದೀತೆಂಬ ನಂಬಿಕೆಯನ್ನು ಕಠಿಣವಾಗಿ ಪರೀಕ್ಷಿಸಿದ ಕನ್ನಡ ಕೃತಿ ಯಾವುದೆಂದು ಕೇಳಿದರೆ ನಾವು ತ್ರಿವೇಣಿಯವರ ‘ಶರಪಂಜರ’ವನ್ನು ಹೆಸರಿಸುತ್ತೇವೆ. ಪುಟ್ಟಣ್ಣ ಕಣಗಾಲರ ಚಲನಚಿತ್ರದಿಂದಾಗಿ ಮನೆಮನೆಗೂ ತಿಳಿದ ಕಥೆಯಿದು. ಹೆರಿಗೆಯ ಬಳಿಕ ಮಾನಸಿಕ ಅಸ್ವಸ್ಥತೆಗೆ ಒಳಗಾದ ಕಾವೇರಿ ಚಿಕಿತ್ಸೆ ಪಡೆದು ಗುಣಹೊಂದಿ ಮನೆಗೆ ಮರಳುತ್ತಾಳೆ. ಅವಳ ಪಾಲಿಗೆ ಸಮಂಗಾ ನದಿ ತನ್ನ ಕೆಲಸ ಮಾಡಿ ಮುಗಿಸಿದೆ. ಆದರೆ ಮನೆ ಬದಲಾಗಿಲ್ಲ. ನಕ್ಕರೂ ಹುಚ್ಚು, ಅತ್ತರೂ ಹುಚ್ಚು; ಗಂಡನ ಅಸಡ್ಡೆ, ನೆರೆಹೊರೆಯವರ ಸಂಶಯದ ನೋಟ. ಕೊನೆಗೆ ಅವಳು ಆಸ್ಪತ್ರೆಯ ಬಾಗಿಲಿಗೇ ಮರಳಬೇಕಾಗುತ್ತದೆ. ವೈದ್ಯ ಗೆದ್ದು ಸಮಾಜ ಸೋತ ಕಥೆಯಿದು. ‘ತಡೆ’ ಎಂಬುದು ಕಲ್ಲಿನ ಮೆಟ್ಟಿಲೇ ಆಗಿರಬೇಕಾಗಿಲ್ಲ, ಊಟದ ಪಂಕ್ತಿಯಲ್ಲಿ ಕೂತವರ ಕಣ್ಣೂ ಆಗಬಹುದೆಂಬುದನ್ನು 1963ರಲ್ಲಿ ತೀರಿಕೊಂಡ ಈ ಲೇಖಕಿ, ಇಂದಿನ ಪರಿಭಾಷೆ ಹುಟ್ಟುವ ಮೊದಲೇ ಕಂಡಿದ್ದರು. ವೈದೇಹಿಯವರ ‘ಅಕ್ಕು’ ಕಥೆ ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ಮನೆಯವರು ಹುಚ್ಚಿಯೆಂದು ಬದಿಗಿಟ್ಟ ಅಕ್ಕುವಿನ ಬಾಯಿಯಿಂದ ಆ ಮನೆ ಬಚ್ಚಿಟ್ಟ ಸತ್ಯಗಳೇ ಹೊರಬೀಳುತ್ತವೆ. ಯಾರ ಮಾತನ್ನು ಮಾತೆಂದು ಎಣಿಸಬೇಕು ಎಂಬುದನ್ನು ನಿರ್ಧರಿಸುವವರು ಯಾರು ಎಂದು ಕಥೆ ಕೇಳುತ್ತದೆ.

ಗಿರೀಶ ಕಾರ್ನಾಡರ ‘ಹಯವದನ’ (1971) ನೇರವಾಗಿ ಪೂರ್ಣತೆಯ ವಿಚಾರವನ್ನೇ ಎತ್ತಿಕೊಂಡ ನಾಟಕ. ಅದು ಗಣೇಶಸ್ತುತಿಯಿಂದ ಆರಂಭವಾಗುತ್ತದೆ. ಆನೆಯ ತಲೆ, ಮುರಿದ ದಂತ, ಡೊಳ್ಳುಹೊಟ್ಟೆಯ ಈ ದೇವತೆ ಸಿದ್ಧಿಗೆ ಅಧಿಪತಿಯಾದುದು ಹೇಗೆಂದು ಭಾಗವತ ಬೆರಗಾಗುತ್ತಾನೆ. ಕುದುರೆಮೊಗದ ಹಯವದನ ಪೂರ್ಣ ಮನುಷ್ಯನಾಗಲು ಹೊರಟು ಪೂರ್ಣ ಕುದುರೆಯಾಗುತ್ತಾನೆ. ಇದನ್ನು ಪೂರ್ಣತೆಯ ಹಂಬಲದ ವ್ಯಂಗ್ಯವೆಂದು ವಿಮರ್ಶಕರು ಸಾಮಾನ್ಯವಾಗಿ ಓದಿದ್ದಾರೆ. ನಮಗೆ ಮುಖ್ಯವಾಗಿ ಕಾಣುವುದು ಕೊನೆಯ ಇನ್ನೊಂದು ಸನ್ನಿವೇಶ. ಮಾತನ್ನೂ ನಗುವನ್ನೂ ಕಾಣದೆ ಬೆಳೆದ ಪದ್ಮಿನಿಯ ಮಗ ಮೊದಲ ಬಾರಿಗೆ ನಗುವುದು ಮನುಷ್ಯನ ದನಿ ಇನ್ನೂ ಉಳಿದಿರುವ ಕುದುರೆಯನ್ನು ಕಂಡು. ‘ಅಪೂರ್ಣ’ರಿಬ್ಬರು ಎದುರಾದಲ್ಲಿ ನಗು ಹುಟ್ಟುತ್ತದೆ, ಆಗ ಹುಡುಗನ ಎದುರಿಗಿದ್ದವನು ಇನ್ನೂ ಪೂರ್ಣ ಕುದುರೆಯಾಗಿರಲಿಲ್ಲ. ನಾಟಕವು ಹಯವದನನನ್ನು ಪೂರ್ಣಗೊಳಿಸಿಯೇ ಮುಗಿಯುತ್ತದೆಯೆಂಬುದು ನಿಜ. ಆದರೆ ಪೂರ್ಣವಾಗುವ ಮೊದಲೇ ಆಗಬೇಕಾದ ಒಳ್ಳೆಯದು ಆಗಿಹೋಗಿತ್ತೆಂಬ ಸೂಚನೆಯೂ ಅದರೊಳಗಿದೆ.

ಇದುವರೆಗಿನ ಕೃತಿಗಳಲ್ಲಿ ಊನವು ಹುಟ್ಟಿನಿಂದಲೋ ಶಾಪದಿಂದಲೋ ರೋಗದಿಂದಲೋ ಬಂದುದು. ನಮ್ಮ ಗಡಿನಾಡಿನಲ್ಲಿ ಅದು ಆಕಾಶದಿಂದ ಸುರಿಯಿತು. ಕಾಸರಗೋಡಿನ ಸರಕಾರಿ ಸ್ವಾಮ್ಯದ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರುಗಳಲ್ಲಿ ಈ ಹೆಸರು ಗೊತ್ತಿಲ್ಲದ ಮನೆಯಿಲ್ಲ. ಇದನ್ನು ಹೊರಜಗತ್ತಿನ ಗಮನಕ್ಕೆ ತಂದವರಲ್ಲಿ ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ಮತ್ತು ಪತ್ರಕರ್ತ ಶ್ರೀ ಪಡ್ರೆಯವರು ಪ್ರಮುಖರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಾದ್ಯಂತ ಅದರ ತಯಾರಿ, ಮಾರಾಟ, ಬಳಕೆಗಳನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ನೀಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಅಂಬಿಕಾಸುತನ್ ಮಾಙಾಡ್ ಅವರ ಮಲಯಾಳ ಕಾದಂಬರಿ ‘ಎಣ್ಮಕಜೆ’ (2009) ಈ ದುರಂತವನ್ನೇ ವಸ್ತುವಾಗಿಸಿಕೊಂಡಿದೆ. ಕಾದಂಬರಿಯ ಊರವರು ಆರಂಭದಲ್ಲಿ ಮಕ್ಕಳ ಕಾಯಿಲೆಗೆ ಜಟಾಧಾರಿ ದೈವದ ಕೋಪವೇ ಕಾರಣವೆಂದು ನಂಬುತ್ತಾರೆ. ಕರ್ಮದ ಅರ್ಥವು ವಿಷದ ಅರ್ಥವಾಗಿ ಬದಲಾಗುವುದೇ ಆ ಕೃತಿಯ ಮುಖ್ಯ ಚಲನೆ.

ಇಲ್ಲಿ ವಿಮರ್ಶೆ ಎಚ್ಚರದಿಂದ ಮಾತಾಡಬೇಕು. ಈ ಹೋರಾಟಕ್ಕೆ ಸಾಕ್ಷ್ಯ ಬೇಕಿತ್ತು, ಮಕ್ಕಳ ದೇಹಗಳೇ ಸಾಕ್ಷ್ಯವಾದವು. ಛಾಯಾಚಿತ್ರಗಳು, ಸಾಕ್ಷ್ಯಚಿತ್ರಗಳು, ಕವಿತೆಗಳು ಆ ದೇಹಗಳನ್ನು ಮತ್ತೆ ಮತ್ತೆ ತೋರಿಸಿದವು. ಅವು ಇಲ್ಲದಿದ್ದರೆ ನಿಷೇಧ ಬರುತ್ತಿರಲಿಲ್ಲವೇನೋ. ಅವನ್ನು ಮಾಡಿದವರ ಪ್ರಾಮಾಣಿಕತೆಯನ್ನು ನಾವು ಶಂಕಿಸುವುದಿಲ್ಲ. ಆದರೆ ಸಾಕ್ಷ್ಯವಾಗಿ ಬಂದ ಮಗುವಿಗೆ ಕಥೆಯಲ್ಲಿ ಇನ್ನೊಂದು ಪಾತ್ರ ಸಿಗುವುದು ಕಷ್ಟ. ಅದಕ್ಕೆ ಏನು ಇಷ್ಟ, ಅದು ಯಾರೊಡನೆ ಜಗಳವಾಡುತ್ತದೆ, ಯಾವ ಭಾಷೆಯ ಹಾಡಿಗೆ ತಲೆಯಾಡಿಸುತ್ತದೆ ಎಂಬುದನ್ನು ಬರೆದ ಪುಟಗಳು ಕಡಿಮೆ. ಅಪರಾಧವನ್ನು ಸಾಬೀತುಪಡಿಸುವ ಸಾಹಿತ್ಯ ನಮಗೆ ಸಿಕ್ಕಿದೆ. ಅಂದಿನ ಮಕ್ಕಳು ಇಂದು ಪ್ರಾಯದವರಾಗಿ ಬದುಕುತ್ತಿರುವ ದಿನಗಳ ಸಾಹಿತ್ಯ ಇನ್ನೂ ಬರಬೇಕಾಗಿದೆ. ನೆಲವನ್ನು ಸಮಗೊಳಿಸಿದರೆ ಎಲ್ಲ ಮುಗಿಯಿತೆಂಬ ಸರಳ ವಾದಕ್ಕೂ ಈ ಊರುಗಳೇ ಉತ್ತರ. ನೋವು ನೋವೇ; ಔಷಧಿ, ಆಸ್ಪತ್ರೆ, ರಾತ್ರಿ ಎದ್ದು ಕೂರುವ ತಾಯಿಗೆ ಒಂದು ದಿನದ ಬಿಡುವು, ಇವಕ್ಕೆ ಬದಲಾಗಿ ಇಳಿಜಾರು ದಾರಿಯನ್ನು ಮುಂದಿಡಲಾಗದು. ಎರಡೂ ಬೇಕು.

ಗಡಿನಾಡ ಕನ್ನಡಿಗರಾದ ನಮಗೆ ಈ ವಿಚಾರ ಇನ್ನೊಂದು ಕಾರಣದಿಂದಲೂ ಹತ್ತಿರದ್ದು. 1956ರ ನವೆಂಬರ್ 1ರ ಬಳಿಕ, ನೆಲ ಡೊಂಕಾಗುವುದೆಂದರೇನೆಂದು ನಾವು ಅನುಭವದಿಂದ ಬಲ್ಲೆವು. ಕನ್ನಡದಲ್ಲಿ ಕಾವ್ಯ ಓದಬಲ್ಲ ಹಿರಿಯರೊಬ್ಬರು ತಮಗೆ ಬಾರದ ಲಿಪಿಯ ಅರ್ಜಿಯ ಮುಂದೆ ನಿರಕ್ಷರಿಯಾಗುತ್ತಾರೆ. ಅವರ ಅಕ್ಷರಜ್ಞಾನ ಎಲ್ಲಿಗೂ ಹೋಗಿಲ್ಲ, ಅರ್ಜಿ ಡೊಂಕಾಗಿದೆ. ಹೋಲಿಕೆಗೆ ಮಿತಿಯಿದೆ ಎಂಬುದನ್ನೂ ಹೇಳಬೇಕು. ಭಾಷೆಯನ್ನು ಕಲಿಯಬಹುದು, ಗಾಲಿಕುರ್ಚಿಯಲ್ಲಿ ಕುಳಿತವರು ಮೆಟ್ಟಿಲು ಹತ್ತುವುದನ್ನು ಕಲಿಯಲಾರರು. ಆದರೆ ಹಕ್ಕನ್ನು ಕೇಳಿದಾಗ ‘ಹೊಂದಿಕೊಳ್ಳಿ’ ಎಂಬ ಉತ್ತರ ಬಂದರೆ ಅದು ಹೇಗೆ ಚುಚ್ಚುತ್ತದೆ ಎಂಬುದು ನಮಗೆ ಗೊತ್ತಿದೆ. ಗೊತ್ತಿರುವವರ ಹೊಣೆ ಹೆಚ್ಚು. ಭಾಷಾ ಅಲ್ಪಸಂಖ್ಯಾತರ ಸೌಲಭ್ಯಕ್ಕಾಗಿ ಧ್ವನಿಯೆತ್ತುವ ಸಭೆಯೊಂದು ಮೆಟ್ಟಿಲುಗಳ ಮೇಲಿನ ಸಭಾಂಗಣದಲ್ಲೇ ನಡೆದರೆ ಅದರ ವಾದ ಅರ್ಧಕ್ಕೆ ನಿಲ್ಲುತ್ತದೆ.

ನೆಲವನ್ನು ಸಮಗೊಳಿಸಿದ ಉದಾಹರಣೆಗಳು ನಮ್ಮಲ್ಲಿ ಇಲ್ಲವೆಂದಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮ ಅವುಗಳಲ್ಲಿ ಹಿರಿದು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಅಂಧ ಮಕ್ಕಳನ್ನು ಸಂಗೀತಗಾರರನ್ನಾಗಿ ಬೆಳೆಸಿದರು. ಅವರ ಕುರಿತ ನಮ್ಮ ಬರವಣಿಗೆಯಲ್ಲಿ ‘ಒಳಗಣ್ಣು’, ‘ಪವಾಡ’ ಎಂಬ ಮಾತುಗಳು ತುಂಬಿರುತ್ತವೆ. ಭಕ್ತಿಯಿಂದ ಹೊರಟ ಆ ಮಾತುಗಳು ಅವರ ನಿಜವಾದ ಸಾಧನೆಯನ್ನು ಮರೆಮಾಡುತ್ತವೆ. ವಸತಿ, ಅನ್ನ, ವಾದ್ಯ, ಕೇಳಿ ಕಲಿಯುವ ಪಾಠಕ್ರಮ, ಕಲಿತವರಿಗೆ ದುಡಿಮೆಯಾಗಿ ನಾಟಕ ಕಂಪನಿ. ಇದು ಪವಾಡವಲ್ಲ, ವ್ಯವಸ್ಥೆ. ಪವಾಡವನ್ನು ಇನ್ನೊಬ್ಬರು ಮಾಡಲಾರರು, ವ್ಯವಸ್ಥೆಯನ್ನು ಯಾರೂ ಕಟ್ಟಬಹುದು.

ನಮ್ಮದೇ ಅಂಗಳದ ಉದಾಹರಣೆ ತಾಳಮದ್ದಳೆ. ಯಕ್ಷಗಾನದ ಬಯಲಾಟಕ್ಕೆ ಕುಣಿತ ಬೇಕು, ವೇಷ ಬೇಕು, ರಾತ್ರಿಯಿಡೀ ನಿಲ್ಲುವ ಕಾಲು ಬೇಕು. ತಾಳಮದ್ದಳೆಯಲ್ಲಿ ಎಲ್ಲರೂ ಕುಳಿತಿರುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಪದ್ಯ, ತಾಳ, ಅರ್ಥ ಮಾತ್ರ. ಕಣ್ಣು ಕಾಣದ ಶ್ರೋತೃವಿಗೆ ಅದರಲ್ಲಿ ನಷ್ಟವಾಗುವುದು ಅತ್ಯಲ್ಪ, ಕಾಲಿಗೆ ಬಲವಿಲ್ಲದ ಅರ್ಥಧಾರಿಗೆ ಏನೂ ಇಲ್ಲ. ಹಾಗೆಂದು ಯಾರೂ ಅದನ್ನು ಅಂಗವಿಕಲರಿಗಾಗಿ ಮಾಡಿದ ರಿಯಾಯಿತಿಯೆಂದು ಕರೆಯುವುದಿಲ್ಲ. ಅದು ತನ್ನಷ್ಟಕ್ಕೆ ಪರಿಪೂರ್ಣವಾದ ಕಲೆ. ಅಲ್ಲಿ ಮಂಥರೆಯ ಅರ್ಥ ಹೇಳುವವರು ಬೆನ್ನನ್ನು ಬಾಗಿಸಬೇಕಾಗಿಯೂ ಇಲ್ಲ. ಅವಳ ವಾದವನ್ನೇ ಮುಂದಿಡಬೇಕು, ಸಭೆ ನಗುವ ಮೊದಲು ಕೇಳಿಸಿಕೊಳ್ಳಬೇಕು. ಗಾದೆಯ ‘ಕುಣಿಯಲಾರದವಳಿ’ಗೆ ನಮ್ಮ ಹಿರಿಯರು ಕುಣಿಯಬೇಕಾಗಿಲ್ಲದ ರಂಗವನ್ನೂ ಬಿಟ್ಟುಹೋಗಿದ್ದಾರೆ.

ಕೊನೆಯದಾಗಿ ಅಚ್ಚಿನ ಪುಟದ ಬಗ್ಗೆ ಒಂದು ಮಾತು. ಕಣ್ಣು ಕಾಣದ ಓದುಗರಿಗೆ ಅಚ್ಚಿನ ಪುಸ್ತಕವೂ ಒಂದು ಮೆಟ್ಟಿಲೇ. ಅಂಥವರಿಗೆ ಓದಲಾಗುವ ರೂಪದಲ್ಲಿ ಕೃತಿಗಳನ್ನು ಸಿದ್ಧಪಡಿಸಲು 2012ರ ತಿದ್ದುಪಡಿಯ ಬಳಿಕ ನಮ್ಮ ಕೃತಿಸ್ವಾಮ್ಯ ಕಾಯಿದೆ ಅಡ್ಡಿಮಾಡುವುದಿಲ್ಲ. 2013ರ ಮರ‍್ರಾಕೇಶ್ ಒಪ್ಪಂದವನ್ನು ಮೊದಲು ಅನುಮೋದಿಸಿದ ದೇಶವೂ ಭಾರತವೇ. ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಉಚಿತ ತಂತ್ರಾಂಶಗಳೂ ಇವೆ. ಆದರೆ ನಮ್ಮ ಸ್ಮರಣ ಸಂಚಿಕೆಗಳು ಎಷ್ಟೋ ಸಲ ಹಳೆಯ ಫಾಂಟುಗಳಲ್ಲಿ ಜೋಡಣೆಗೊಳ್ಳುತ್ತವೆ. ಕಣ್ಣಿಗೆ ಅವು ಅಂದವಾದ ಕನ್ನಡ. ಯಂತ್ರ ಅವನ್ನು ಓದಿದರೆ ಕೇಳಿಸುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗದ್ದಲ. ಅದೇ ಬರಹವನ್ನು ಯೂನಿಕೋಡಿನಲ್ಲಿ ಒಂದು ಕಡತವಾಗಿ ಉಳಿಸಿದರೆ ಸಾಕು, ತಡೆ ಇಲ್ಲವಾಗುತ್ತದೆ. ಇದಕ್ಕೆ ದೊಡ್ಡ ಖರ್ಚಿಲ್ಲ, ದೊಡ್ಡ ದಯೆಯೂ ಬೇಕಾಗಿಲ್ಲ. ಮುಂದಿನ ಸಮ್ಮೇಳನದ ಸಂಚಿಕೆ ಆ ರೂಪದಲ್ಲೂ ಸದಸ್ಯರ ಮನೆಗಳಿಗೆ ತಲಪುವಂತಾಗಲಿ, ಸಭಾಂಗಣವನ್ನು ಗೊತ್ತುಮಾಡುವ ಮೊದಲು ಅದರ ಬಾಗಿಲಿನ ಅಗಲವನ್ನೂ ಮೆಟ್ಟಿಲುಗಳ ಲೆಕ್ಕವನ್ನೂ ಯಾರಾದರೂ ಹೋಗಿ ನೋಡಿ ಬರಲಿ ಎಂಬುದು ಸಂಘದ ಪದಾಧಿಕಾರಿಗಳಲ್ಲಿ ನಮ್ಮ ವಿನಂತಿ.